ಶ್ಯಾಡೋಸ್ ಆಫ್ ನೈಟ್: 'ಗ್ಲೋರಿಯಾ' ಆದಮೇಲೆ ಏನಾಯಿತು?

ಸಂಜೆರೇಡಿಯೋ:
'ಗ್ಲೋರಿಯಾ' ಹಾಡು ಬರೆದದ್ದು ಉತ್ತರ ಐರ್ಲೆಂಡಿನ ಗಾಯಕ ವ್ಯಾನ್ ಮಾರಿಸನ್, ಮೊದಲು ಹಾಡಿದ್ದು ಅವರ 'ದೆಮ್' ತಂಡ. ಆದರೆ ಅಮೆರಿಕದಲ್ಲಿ ಜಾಸ್ತಿ ಓಡಿದ್ದು ಶಿಕಾಗೋ ಕಡೆಯ 'ಶ್ಯಾಡೋಸ್ ಆಫ್ ನೈಟ್' ಹುಡುಗರ ರೆಕಾರ್ಡಂತೆ. ಹೇಗೆ? ಆಮೇಲೆ ಅವರೆಲ್ಲ ಎಲ್ಲಿ ಹೋದರು?

ಹಳೇತಟ್ಟೆ:
ನನ್ನ ಅಚ್ಚುಮೆಚ್ಚಿನ ತಂಡ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಇವರು ಶಿಕಾಗೋ ಊರೊಳಗಿನವರಲ್ಲ, ಹೊರವಲಯದ ಮೌಂಟ್ ಪ್ರಾಸ್ಪೆಕ್ಟ್ ಕಡೆಯವರು. 1964ರಲ್ಲಿ ಬರೀ 'ಶ್ಯಾಡೋಸ್' ಅಂತ ಶುರು ಮಾಡಿದರು. ಇಂಗ್ಲೆಂಡಿನಲ್ಲಿ ಅದೇ ಹೆಸರಿನ ದೊಡ್ಡ ತಂಡವಿತ್ತು. ಹಾಗಾಗಿ ಪ್ರಾಸ್ಪೆಕ್ಟ್ ಹೈಸ್ಕೂಲಿನ ಆಟಗಾರರ ಹೆಸರು 'ನೈಟ್ಸ್' (ರಾತ್ರಿಯಲ್ಲ, ಹಳೇ ಕಾಲದ ಕುದುರೆ ವೀರರು) ಇವರಿಗೂ ಅಂಟಿಕೊಂಡಿತು. ಆರ್ಲಿಂಗ್ಟನ್ ಹೈಟ್ಸಿನ 'ಸೆಲ್ಲಾರ್' ಎಂಬ ಹರೆಯದವರ ಕ್ಲಬ್ಬೇ ಇವರ ಅಖಾಡ. ಡನ್‌ವಿಚ್ ಎಂಬ ಚಿಕ್ಕ ಕಂಪನಿ ಇವರ ರೆಕಾರ್ಡು ತಂದಿತು.

ದೆಮ್ ಹಾಡಿನಲ್ಲಿ ಹುಡುಗಿ ಕೋಣೆಗೆ ಬರುವ ಸಾಲಿದೆ. ಶಿಕಾಗೋದ ದೊಡ್ಡ ರೇಡಿಯೋ ಡಬ್ಲ್ಯುಎಲ್‌ಎಸ್ ಅದು ಅಶ್ಲೀಲ ಅಂತ ಹಾಕಲಿಲ್ಲ. ಇವರು ಆ ಜಾಗದಲ್ಲಿ ಅವಳು ನನ್ನ ಹೆಸರು ಹಿಡಿದು ಕೂಗುತ್ತಾಳೆ ಅಂತ ಹಾಡಿದರು. 1966ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 10ನೇ ಸ್ಥಾನ. ಗಾಯಕ ಜಿಮ್ ಸಾನ್ಸ್‌ಗೆ ಆಗ ಬರೀ ಹತ್ತೊಂಬತ್ತು!

ಆದರೆ ಸಾಲು ಬದಲಿಸಿದ್ದಕ್ಕೇ ಗೆದ್ದರು ಅನ್ನುವುದು ಅನ್ಯಾಯ. ಕಪ್ಪು ಜನರ ಬ್ಲೂಸ್ ಸಂಗೀತದ ದಿಗ್ಗಜರಾದ ಮಡ್ಡಿ ವಾಟರ್ಸ್, ಬೋ ಡಿಡ್ಲಿ ರೆಕಾರ್ಡು ಮಾಡಿದ್ದು ಇದೇ ಶಿಕಾಗೋದಲ್ಲಿ. ಆ ಬ್ಲೂಸ್ ಇಂಗ್ಲೆಂಡಿಗೆ ಹೋಗಿ, ರೋಲಿಂಗ್ ಸ್ಟೋನ್ಸ್, ಯಾರ್ಡ್‌ಬರ್ಡ್ಸ್ ಎಂಬ ಅಲ್ಲಿನ ತಂಡಗಳ ಕೈಯಲ್ಲಿ ಬೇರೆ ರೂಪ ತಾಳಿತು. ಈ ಹುಡುಗರು ಆ ರೂಪಕ್ಕೆ ಮತ್ತೆ ಶಿಕಾಗೋದ ಖಾರ ಹಾಕಿದರು. ಮೊದಲ ಆಲ್ಬಂನಲ್ಲಿ ಮಡ್ಡಿ ವಾಟರ್ಸ್ ಹಾಡಿದ್ದ 'ಹೂಚಿ ಕೂಚಿ ಮ್ಯಾನ್' ಕೇಳಿ. ಕಲಿತವರ ಸಂಕೋಚವೇ ಇಲ್ಲ, ನುಗ್ಗಿ ಬಾರಿಸುತ್ತಾರೆ.

ಡ್ರಮ್‌ಹುಚ್ಚ:
ಒಪ್ಪಿದೆ ಅಣ್ಣ. ಆದರೂ ಒಂದೇ ಹಿಟ್ ತಾನೇ?

ಹಳೇತಟ್ಟೆ:
ಇಲ್ಲಪ್ಪ, ಅದೇ ವರ್ಷ 'ಓ ಯಾ' 39ನೇ ಸ್ಥಾನಕ್ಕೆ ಏರಿತು. ಬೋ ಡಿಡ್ಲಿಯ ಹಾಡು. ನನಗಂತೂ 'ಗ್ಲೋರಿಯಾ'ಗಿಂತ ಇದೇ ಮೇಲು. 1972ರಲ್ಲಿ ಗಿಟಾರ್ ವಾದಕ ಲೆನ್ನಿ ಕೇ ಅರವತ್ತರ ದಶಕದ ರಾಕ್ ಹಾಡುಗಳ 'ನಗೆಟ್ಸ್' ಸಂಗ್ರಹ ಮಾಡಿದಾಗ ಆರಿಸಿದ್ದೂ ಇದನ್ನೇ. 1966 ಮುಗಿಯುವಷ್ಟರಲ್ಲಿ ಎರಡು ಆಲ್ಬಂ ಬಂದಾಗಿತ್ತು, ಆಮೇಲೆ ಮೊದಲಿನ ತಂಡ ಚದುರಿತು. ಗಿಟಾರಿನ ಜೆರ್ರಿ ಮೆಕ್‌ಜಾರ್ಜ್ 'ಎಚ್.ಪಿ. ಲವ್‌ಕ್ರಾಫ್ಟ್' ತಂಡ ಸೇರಿದರು. ಸಾನ್ಸ್ ಹೊಸಬರನ್ನು ಕಟ್ಟಿಕೊಂಡು ಅದೇ ಹೆಸರಲ್ಲಿ ಹಾಡುತ್ತಲೇ ಇದ್ದರು. 2022ರಲ್ಲಿ ತೀರಿಕೊಂಡರು.

ಸಂಜೆರೇಡಿಯೋ:
ತುಂಬಾ ಥ್ಯಾಂಕ್ಸ್. 'ಓ ಯಾ' ಈಗಲೇ ಹಾಕಿದೆ. ಆ ಗಿಟಾರ್ ಸದ್ದು ಅಬ್ಬಾ! ಎರಡನೇ ಆಲ್ಬಂನಲ್ಲಿ ಮೊದಲು ಯಾವುದು ಕೇಳಲಿ?

ಹಳೇತಟ್ಟೆ:
'ಸ್ಪೂನ್‌ಫುಲ್'. ವಾಲ್ಯೂಮ್ ಜಾಸ್ತಿ ಇಡಿ.