ಕೈ ಮಂಜುಗಡ್ಡೆ, ಹೊಟ್ಟೆ ಬೆಚ್ಚಗೆ: ಮಗುವಿಗೆ ಚಳಿಯಾಗ್ತಿದೆಯಾ?

ಪ್ರಶ್ನೆ (ಮೂಡಿಗೆರೆ ಕಡೆಯ ಒಬ್ಬ ಬಾಣಂತಿ):
ನಮಸ್ತೆ ಮೇಡಂ. ಬಾಣಂತನಕ್ಕೆ ತವರಿಗೆ ಬಂದಿದ್ದೀನಿ, ತೋಟದ ಮನೆ. ಮಗಳಿಗೆ ಎರಡೂವರೆ ತಿಂಗಳು. ಹುಟ್ಟಿದಾಗ 2.9 ಕೆಜಿ, ಈಗ 5 ಕೆಜಿ ಹತ್ತಿರ ಇದಾಳೆ. ರಾತ್ರಿ ಹೆಂಚಿನ ಸಂದಿಯಿಂದ ಇಬ್ಬನಿ ಒಳಗೇ ಇಳಿಯುತ್ತೇನೋ ಅನ್ನೋ ಹಾಗೆ ಚಳಿ. ಅಮ್ಮ ಅವಳಿಗೆ ಎರಡು ಸ್ವೆಟರ್, ಕುಲಾವಿ, ಕಾಲುಚೀಲ ಹಾಕಿ, ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕಂಬಳಿ ಹೊದಿಸ್ತಾರೆ. ಕಿಟಕಿ ಬಾಗಿಲು ಹಾಕಿ, ಮಂಚದ ಪಕ್ಕ ಕೆಂಡದ ಅಗ್ಗಿಷ್ಟಿಕೆ ಇಡ್ತಾರೆ. ಇಷ್ಟಾದ್ರೂ ನಡುರಾತ್ರಿ ಮುಟ್ಟಿದ್ರೆ ಮಗು ಕೈ ಮಂಜುಗಡ್ಡೆ. ಇನ್ನೊಂದು ಹೊದಿಕೆ ಹಾಕಬೇಕಾ? ನನಗೂ ಎರಡು ದಿನದಿಂದ ಬೆಳಗ್ಗೆ ಏಳುವಾಗ ತಲೆ ಭಾರ, ಹಲ್ಲುಜ್ಜಿ ಹೊರಗೆ ಓಡಾಡಿದ ಮೇಲೆ ಸರಿಹೋಗುತ್ತೆ. ಥಂಡಿಗೇ ಇರಬೇಕು.

ಡಾಕ್ಟರ್:
ಮೊದಲು ಎದ್ದು ಹೋಗಿ ಆ ಅಗ್ಗಿಷ್ಟಿಕೆಯನ್ನ ಅಂಗಳಕ್ಕೆ ಇಡಿ. ಮಿಕ್ಕಿದ್ದನ್ನ ಆಮೇಲೆ ಓದಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ತಂದಿದ್ದು ಮಗುವಿನ ಕೈ ಅಲ್ಲ, ಕೊನೆಯಲ್ಲಿ ಸುಮ್ಮನೆ ಸೇರಿಸಿದಿರಲ್ಲ, ಆ ತಲೆಭಾರ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದಿದ್ದರೆ ಅಪಾಯ ಇಲ್ಲ ಅಂದುಕೊಳ್ಳೋದು ಅದಕ್ಕೇ. ಚೆನ್ನಾಗಿ ನಿಗಿನಿಗಿ ಅನ್ನುವ ಕೆಂಡದಿಂದಲೂ ಅದು ಬರುತ್ತೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತೆ. ಏಳುವಾಗ ತಲೆಭಾರ, ಹೊರಗೆ ಗಾಳಿಗೆ ಬಂದ ಮೇಲೆ ಕಡಿಮೆ: ಇದು ಅದರದೇ ಲಕ್ಷಣ ಇರಬಹುದು. ನಿಮಗೆ ತಲೆ ನೋವು ಅಂತ ಹೇಳಕ್ಕೆ ಬಾಯಿದೆ, ಅವಳಿಗಿಲ್ಲ. ಇವತ್ತೇ ಇಬ್ಬರೂ ಹತ್ತಿರದ ಡಾಕ್ಟರ ಹತ್ತಿರ ಹೋಗಿ, ಕೆಂಡದ ವಿಷಯ ಬಾಯಿಬಿಟ್ಟು ಹೇಳಿ. ಮಗು ಮಂಕಾಗಿದ್ದರೆ, ಹಾಲು ಬಿಟ್ಟರೆ, ನಿಮಗೆ ವಾಂತಿ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಈಗ ಕೈ ವಿಷಯ. ಈ ವಯಸ್ಸಿನ ಮಕ್ಕಳ ಕೈಕಾಲು ತಣ್ಣಗಿರೋದು ಮಾಮೂಲು. ದೇಹ ಮೊದಲು ಹೊಟ್ಟೆ, ಎದೆ, ತಲೆಗೆ ರಕ್ತ ಕಳಿಸುತ್ತೆ, ಉಳಿದದ್ದು ಕೈಕಾಲಿಗೆ. ಆದ್ದರಿಂದ ಕೈ ಹಿಡಿದು ಚಳಿ ಅಳೆಯಬೇಡಿ. ನಿಮ್ಮ ಅಂಗೈಯ ಹಿಂಭಾಗವನ್ನ ಮಗುವಿನ ಹೊಟ್ಟೆಗೆ ಅಥವಾ ಕತ್ತಿನ ಹಿಂದಕ್ಕೆ ಇಡಿ. ಅಲ್ಲಿ ಬೆಚ್ಚಗಿದ್ದರೆ ಅವಳು ಬೆಚ್ಚಗಿದ್ದಾಳೆ. ಅಲ್ಲಿ ಬೆವರು ಕೈಗೆ ಅಂಟಿದರೆ, ಕೂದಲು ಒದ್ದೆಯಾಗಿದ್ದರೆ ಬಟ್ಟೆ ಜಾಸ್ತಿಯಾಗಿದೆ. ಹೊಟ್ಟೆಯೂ ತಣ್ಣಗಿದ್ದರೆ ಮಾತ್ರ ನಿಜಕ್ಕೂ ಚಳಿ. ತಕ್ಷಣ ಎದೆಗೆ ಅಪ್ಪಿಕೊಂಡು ಹಾಲು ಕುಡಿಸಿ, ಥರ್ಮಾಮೀಟರ್ ಇಟ್ಟು ನೋಡಿ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿಯಾದ ಅಳತೆ.

ಬಟ್ಟೆಗೆ ಒಂದು ಅಂದಾಜು: ಆ ಕೋಣೆಯಲ್ಲಿ ನಿಮಗೆ ಎಷ್ಟು ಬೇಕೋ ಅದಕ್ಕಿಂತ ಒಂದು ಪದರ ಹೆಚ್ಚು. ಒಳಗೆ ಮೆತ್ತನೆ ಹತ್ತಿ ಬಟ್ಟೆ, ಮೇಲೆ ಉದ್ದ ತೋಳಿನದು, ಅದರ ಮೇಲೆ ಒಂದು ಸ್ವೆಟರ್, ಕಾಲುಚೀಲ. ಸಾಕು. ಕಂಬಳಿ ಬೇಡ. ಮಗು ಕಾಲು ಝಾಡಿಸಿದಾಗ ಅದು ಮುಖದ ಮೇಲೆ ಬಂದರೆ ತೆಗೆಯೋ ಶಕ್ತಿ ಆ ಕೈಗಿಲ್ಲ. ಬದಲಿಗೆ ನಿಮ್ಮೂರ ಟೈಲರ್ ಹತ್ತಿರ ಫ್ಲಾನೆಲ್ ಬಟ್ಟೆಯಲ್ಲಿ ತೋಳಿಲ್ಲದ ಒಂದು ಚೀಲ ಹೊಲಿಸಿ: ಕತ್ತು ತಲೆ ಒಳಗೆ ಜಾರದಷ್ಟು ಕಿರಿದು, ಕಾಲ ಕಡೆ ಕಪ್ಪೆಯ ಹಾಗೆ ಮಡಚಿಕೊಳ್ಳುವಷ್ಟು ಅಗಲ. ಸೀರೆಯಲ್ಲಿ ಬಿಗಿಯಾಗಿ ಸುತ್ತಿ ಕಾಲು ನೆಟ್ಟಗೆ ಕಟ್ಟಿದರೆ ಸೊಂಟದ ಕೀಲಿಗೆ ತೊಂದರೆ. ಅವಳು ಮಗ್ಗುಲಾಗಲು ನೋಡುತ್ತಿದ್ದರೆ ಸುತ್ತೋದನ್ನ ಪೂರ್ತಿ ನಿಲ್ಲಿಸಿ.

ಕುಲಾವಿ ಹೊರಗೆ ಹೋಗುವಾಗ, ಸ್ನಾನ ಆದ ಮೇಲೆ ಸ್ವಲ್ಪ ಹೊತ್ತು ಹಾಕಿ. ಇಷ್ಟು ತೂಕದ ಆರೋಗ್ಯವಂತ ಮಗು ಒಳಗೆ ನಿದ್ದೆ ಮಾಡುವಾಗ ತೆಗೆದುಬಿಡಿ. ಮೈ ಕಾವು ಹೆಚ್ಚಾದರೆ ಮಗು ಅದನ್ನ ಬಹಳಷ್ಟು ಬಿಡೋದು ತಲೆಯಿಂದ. ಕುಲಾವಿ ಜಾರಿದರೆ ಮೂಗೂ ಮುಚ್ಚುತ್ತೆ.

ಅದೇ ತಾಯಿ:
ಅಗ್ಗಿಷ್ಟಿಕೆ ಹೊರಗೆ ಹೋಯ್ತು ಮೇಡಂ. ಸಂಜೆ ಡಾಕ್ಟರ ಹತ್ತಿರ ಹೋಗ್ತೀವಿ. ಅಮ್ಮ ಕೇಳ್ತಿದ್ದಾರೆ, "ನಿನ್ನನ್ನೂ ಇದೇ ಕೆಂಡ ಇಟ್ಟೇ ಸಾಕಿದ್ದು, ಏನಾಯ್ತು?" ಅಂತ. ಮಗು ಹಾಲು ಕಕ್ಕುತ್ತೆ, ಅದಕ್ಕೆ ಮಗ್ಗುಲಾಗಿ ಮಲಗಿಸಿ ಬೆನ್ನಿಗೆ ದಿಂಬು ಕೊಡ್ತೀವಿ. ಅದು ಸರಿನಾ?

ಡಾಕ್ಟರ್:
ನಿಮ್ಮಮ್ಮನ ಮಾತು ಸುಳ್ಳಲ್ಲ. ಆಗಿನ ಮನೆಗಳಲ್ಲಿ ಗಾಳಿ ಆಡೋ ಸಂದಿಗಳು ಹೆಚ್ಚಿದ್ದವು. ಈಗ ಹೆಚ್ಚಿನ ಕಡೆ ಗಾಜಿನ ಕಿಟಕಿ, ಸಂದಿ ಮುಚ್ಚಿದ ಸೀಲಿಂಗ್. ನೀವಂತೂ ಕಿಟಕಿ ಬಾಗಿಲು ಎರಡೂ ಹಾಕ್ತೀರಿ. ಅವರಿಗೆ ಹೀಗೆ ಹೇಳಿ ನೋಡಿ, ಡಾಕ್ಟರ್ ಬೈದರು ಅನ್ನೋದಕ್ಕಿಂತ ಬೇಗ ಒಪ್ತಾರೆ.

ದಿಂಬು ತೆಗೀರಿ. ಅಂಗಾತ ಮಲಗಿಸಿ, ಗಟ್ಟಿಯಾದ, ಸಪಾಟಾದ ಹಾಸಿಗೆ ಮೇಲೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಶ್ವಾಸನಾಳಕ್ಕೆ ಹೋಗೋದು ಕಷ್ಟ. ಮಗ್ಗುಲಿಂದ ಉರುಳಿ ಬೋರಲಾದಾಗಲೇ ಲೆಕ್ಕ ತಿರುಗುಮುರುಗು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನ ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಮಾಡಿದರು. ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುತ್ತಿದ್ದ ಕೂಸುಗಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಇಂಥ ಸಾವು ಹೆಚ್ಚು ಕಾಣೋದು ಎರಡರಿಂದ ನಾಲ್ಕು ತಿಂಗಳ ನಡುವೆ, ನಿಮ್ಮ ಮಗಳ ವಯಸ್ಸು.

ಮಲಗೋದು ನಿಮ್ಮ ಕೋಣೆಯಲ್ಲೇ, ಆದರೆ ಅವಳದೇ ಹಾಸಿಗೆಯಲ್ಲಿ ಇದ್ದರೆ ಉತ್ತಮ. ನಮ್ಮ ಮನೆಗಳಲ್ಲಿ ತಾಯಿ ಮಗ್ಗುಲಲ್ಲೇ ಮಲಗಿಸೋದು ನನಗೂ ಗೊತ್ತು. ಹಾಗೆ ಮಾಡೋದಾದರೆ ಕಡೇಪಕ್ಷ ನಿಮ್ಮ ರಗ್ಗು ನಿಮ್ಮ ಸೊಂಟದ ತನಕ ಮಾತ್ರ, ದಿಂಬು ಅವಳಿಂದ ದೂರ, ಕುಡಿದವರು, ಬೀಡಿ ಸಿಗರೇಟು ಸೇದುವವರು ಅದೇ ಹಾಸಿಗೆಯಲ್ಲಿ ಬೇಡ. ಸೋಫಾ ಮೇಲೆ ಮಗು ಹಿಡಿದು ನಿದ್ದೆ ಹೋಗೋದು ಎಲ್ಲಕ್ಕಿಂತ ಕೆಟ್ಟದ್ದು.

ಪ್ರಶ್ನೆ (ಬೀದರ್‌ನಿಂದ):
ಮೇಡಂ, ನಮ್ಮ ಅಕ್ಕನ ಕೂಸು 1.9 ಕೆಜಿ ಹುಟ್ಟ್ಯದ, ಇವತ್ತಿಗೆ ಹನ್ನೆರಡು ದಿನ. ದವಾಖಾನಿಂದ ಮನಿಗೆ ಬಂದೀವಿ. ಇಲ್ಲಿ ಥಂಡಿ ಭಾಳ ಅದ. ಟೊಪ್ಪಿಗಿ ತೆಗೀರಿ ಅಂದ್ರಲ್ಲ, ಈ ಕೂಸಿಗೂ ಹಂಗೇನ್ರಿ? ಕೌದಿ ಒಳಗ ಅಕ್ಕನ ಮಗ್ಗಲಿಗೇ ಮಲಗಸ್ತೀವಿ.

ಡಾಕ್ಟರ್:
ಇಲ್ಲಪ್ಪ, ಟೊಪ್ಪಿಗೆ ತೆಗೀಬೇಡಿ. ಮೇಲೆ ಹೇಳಿದ್ದು ತೂಕ ಬಂದ ಮಗುವಿಗೆ. ಈ ಕೂಸಿಗೆ ಟೊಪ್ಪಿಗೆ, ಕಾಲುಚೀಲ ಎರಡೂ ಬೇಕು. ನಾವು ಚಳಿಗೆ ನಡುಗಿ ಕಾವು ಮಾಡಿಕೊಳ್ತೀವಿ. ಕೂಸುಗಳಿಗೆ ನಡುಗಲು ಬರೋದಿಲ್ಲ. ಕತ್ತು, ಬೆನ್ನಿನ ಹತ್ತಿರ ಇರುವ ಕಂದು ಕೊಬ್ಬನ್ನ ಉರಿಸಿಯೇ ಬೆಚ್ಚಗಿರಬೇಕು. ಕಡಿಮೆ ತೂಕದ ಕೂಸಿಗೆ ಆ ದಾಸ್ತಾನೇ ಕಮ್ಮಿ.

ಕೌದಿ ಬಿಡಿ, ಕಾಂಗರೂ ಆರೈಕೆ ಮಾಡಿ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಕೂಸನ್ನ ಬೆಚ್ಚಗಿಡೋ ಇನ್‌ಕ್ಯುಬೇಟರ್ ಪೆಟ್ಟಿಗೆ ಸಾಲದೆ ಶುರುವಾದ ಉಪಾಯ ಇದು. ಕೂಸಿಗೆ ಡೈಪರ್, ಟೊಪ್ಪಿಗೆ, ಕಾಲುಚೀಲ ಮಾತ್ರ ಬಿಟ್ಟು, ಅಕ್ಕನ ಬರಿ ಎದೆಯ ಮೇಲೆ ನೆಟ್ಟಗೆ ಇಟ್ಟು, ಮೆತ್ತನೆ ಬಟ್ಟೆಯಿಂದ ಇಬ್ಬರನ್ನೂ ಸೇರಿಸಿ ಕಟ್ಟಿ, ಮೇಲೆ ಅಕ್ಕನ ಸ್ವೆಟರ್. ಕೂಸಿನ ಮುಖ ಒಂದು ಪಕ್ಕಕ್ಕೆ ತಿರುಗಿ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಬಾರದು. ದಿನಕ್ಕೆ 8 ಗಂಟೆಗೆ ಕಮ್ಮಿ ಇಲ್ಲದ ಹಾಗೆ, ಆದಷ್ಟು ಹೆಚ್ಚು. ಅಕ್ಕ ದಣಿದಾಗ ಭಾವನೋ ಅವ್ವನೋ ಎದೆಗೆ ಹಾಕಿಕೊಳ್ಳಬಹುದು. ಕಂಕುಳ ಕಾವು 36.5ಕ್ಕಿಂತ ಕಡಿಮೆ ಇದ್ದು ಎದೆಗಿಟ್ಟ ಮೇಲೂ ಒಂದು ತಾಸಿನಲ್ಲಿ ಏರದಿದ್ದರೆ, ಅಥವಾ 35.5ಕ್ಕಿಂತ ಕೆಳಗೆ ಕಂಡರೆ, ಎದೆಗೆ ಕಟ್ಟಿಕೊಂಡೇ ದವಾಖಾನೆಗೆ ಓಡಿ.

ಸದಸ್ಯೆ (ಆಶಾ ಕಾರ್ಯಕರ್ತೆ):
ಬೀದರ್‌ನವರೇ, ಹೆರಿಗೆ ಆದ 42 ದಿನದ ತನಕ ನಿಮ್ಮ ಆಶಾ ಮನೆಗೆ ಬರಬೇಕು. 14ನೇ ದಿನದ ಭೇಟಿ ಇದೆ. ನಾವು ತಕ್ಕಡಿ, ಥರ್ಮಾಮೀಟರ್ ತರ್ತೀವಿ. ಬರದಿದ್ರೆ ನೀವೇ ಫೋನ್ ಮಾಡಿ ಕರೀರಿ, ಸಂಕೋಚ ಬೇಡ.

ಪ್ರಶ್ನೆ (ಟೊರಾಂಟೊದಿಂದ):
ಇಲ್ಲಿ ಮನೆ ಒಳಗೆ ಹೀಟಿಂಗ್ ಇದೆ, ತೊಂದರೆ ಇಲ್ಲ. ಕಾರಲ್ಲಿ ಹೋಗುವಾಗ ದಪ್ಪ ಜಾಕೆಟ್ ಹಾಕಿ ಸೀಟಲ್ಲಿ ಕಟ್ಟಿದರೆ ಮಲಗಿಬಿಡ್ತಾನೆ. ಓಕೆನಾ?

ಡಾಕ್ಟರ್:
ಜಾಕೆಟ್ ತೆಗೆದು ಬೆಲ್ಟ್ ಕಟ್ಟಿ, ಆಮೇಲೆ ಬೆಲ್ಟಿನ ಮೇಲಿಂದ ಹೊದಿಸಿ. ಜಾಕೆಟ್ ಮೇಲೆ ಕಟ್ಟಿದ ಬೆಲ್ಟ್ ಬಿಗಿ ಅನ್ನಿಸುತ್ತೆ ಅಷ್ಟೆ. ಡಿಕ್ಕಿ ಆದಾಗ ಅದರೊಳಗಿನ ಹತ್ತಿ ಅಮುಕಿ ಮಗು ಜಾರುತ್ತೆ. ಮನೆ ಸೇರಿದ ಮೇಲೆ ಅದೇ ಸೀಟಲ್ಲಿ ನಿದ್ದೆ ಮುಂದುವರಿಸೋಕೆ ಬಿಡಬೇಡಿ.

ಸದಸ್ಯ:
ಬೆಂಗಳೂರಲ್ಲಿ ಕೆಂಡ ಇಲ್ಲ ಮೇಡಂ, ನಮಗೆ ಈ ಭಯ ಇಲ್ಲ 🙂

ಡಾಕ್ಟರ್:
ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ? ಕಿಟಕಿ ಮುಚ್ಚಿ ಅದನ್ನ ಉರಿಸಿದರೆ ಅಲ್ಲೂ ಅದೇ ವಿಷಗಾಳಿ. ಮಗುವಿಗೆ ನೀರು ಹಾಕೋ ಮುಂಚೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದು ಗಾಳಿ ಆಡಿದ ಮೇಲೆ ಮಗುವನ್ನ ಒಳಗೆ ತನ್ನಿ. ಸಾಂಬ್ರಾಣಿ ಹೊಗೆಯೂ ಮಗುವಿನ ಶ್ವಾಸಕ್ಕೆ ಒಳ್ಳೇದಲ್ಲ, ಟವೆಲ್ಲಿನಲ್ಲಿ ತಲೆ ಒರೆಸಿದರೆ ಸಾಕು. ಕರೆಂಟಿನ ಹೀಟರ್ ಆದರೆ ಮಲಗೋ ಮುಂಚೆ ಕೋಣೆ ಬೆಚ್ಚಗೆ ಮಾಡಿ ಆರಿಸಿಬಿಡಿ. ಬಿಸಿನೀರಿನ ಚೀಲವನ್ನ ಹಾಸಿಗೆ ಬೆಚ್ಚಗಾಗಲು ಇಟ್ಟು, ಮಗು ಮಲಗಿಸೋ ಮುಂಚೆ ತೆಗೆಯಿರಿ. ಸುಟ್ಟ ಪುಟ್ಟ ತೊಡೆ ನೋಡಿದ್ದೀನಿ, ಅದಕ್ಕೆ ಹೇಳ್ತಿದ್ದೀನಿ.

ಮೂಡಿಗೆರೆಯ ತಾಯಿ (ಮೂರು ದಿನದ ನಂತರ):
ಡಾಕ್ಟರು ಇಬ್ಬರನ್ನೂ ನೋಡಿದ್ರು, ಮಗು ಆರಾಮಾಗಿದಾಳೆ. ನನಗೆ ತಲೆಭಾರ ಮತ್ತೆ ಬಂದಿಲ್ಲ. ಟೈಲರ್ ಚೀಲಕ್ಕೆ ಎರಡು ಸಲ ಅಳತೆ ತಗೊಂಡ, "ಕೈ ಎಲ್ಲಮ್ಮಾ?" ಅಂತ ನಗ್ತಿದ್ದ. ನಿನ್ನೆ ರಾತ್ರಿ ಎರಡು ಗಂಟೆಗೆ ಅಮ್ಮನೇ ಎದ್ದು ಕತ್ತಿನ ಹಿಂದೆ ಮುಟ್ಟಿ ನೋಡಿದ್ರು. ಬೆಚ್ಚಗಿತ್ತು. ಕೈ ಮಾತ್ರ ಅದೇ ಮಂಜುಗಡ್ಡೆ.

ಡಾಕ್ಟರ್:
ಕೈ ಹಾಗೇ ಇರಲಿ ಬಿಡಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.