ಅಪ್‌ಡೇಟ್: ಪಾಂಪೇ ನೋಡಿದೆವು, ಹಡಗು ತಪ್ಪಲಿಲ್ಲ

ಇಟಲಿಯ ನೇಪಲ್ಸ್‌ನಲ್ಲಿ ನಮ್ಮ ಪ್ರವಾಸಿ ಹಡಗು ನಿಲ್ಲುವ ಒಂಬತ್ತು ತಾಸಿನಲ್ಲಿ, ಹಡಗಿನವರ ದುಬಾರಿ ಟೂರ್ ಬಿಟ್ಟು ಅಮ್ಮನನ್ನು ನಾವೇ ಪಾಂಪೇಗೆ (ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪುರಾತನ ರೋಮನ್ ಪಟ್ಟಣ) ಕರೆದೊಯ್ಯಬಹುದೇ ಎಂದು ಕೇಳಿದ್ದೆ. ಧೈರ್ಯ ಹೇಳಿದವರಿಗೆಲ್ಲ ಧನ್ಯವಾದ.

ಬಂದರಿನಿಂದ ಗರಿಬಾಲ್ಡಿ ನಿಲ್ದಾಣಕ್ಕೆ ಟ್ಯಾಕ್ಸಿ, ಅಲ್ಲಿಂದ ಸೊರೆಂಟೊ ಕಡೆಯ ಲೋಕಲ್ ರೈಲು. ನಾನು ಬೋರ್ಡ್ ನೋಡದೆ ಬೇರೆ ಗಾಡಿ ಹತ್ತಿದ್ದೆ. ಒಬ್ಬ ಅಜ್ಜಿ ಕೈಸನ್ನೆಯಲ್ಲೇ ಗದರಿಸಿ ಇಳಿಸಿದರು. ಸುಮಾರು 40 ನಿಮಿಷ, ನಿಂತೇ ಪ್ರಯಾಣ. 'ಪಾಂಪೇ ಸ್ಕಾವಿ' ನಿಲ್ದಾಣದಲ್ಲಿ ಇಳಿದರೆ ಪೋರ್ಟಾ ಮರೀನಾ ದ್ವಾರ ಅಲ್ಲೇ ಎದುರಿಗೆ. ಟಿಕೆಟ್‌ನಲ್ಲಿ ಹೆಸರಿರುತ್ತದೆ, ಗುರುತಿನ ಚೀಟಿ ಮರೆಯಬೇಡಿ.

ಒಳಗೆ ಅಮ್ಮ ಎಲ್ಲವನ್ನೂ ಬಿಟ್ಟು ಒಂದು ಬೇಕರಿಯ ಮುಂದೆ ನಿಂತುಬಿಟ್ಟರು. ಲಾವಾ ಕಲ್ಲಿನ, ಆಳೆತ್ತರದ ಬೀಸುವ ಕಲ್ಲುಗಳು! ಕತ್ತೆ ಕಟ್ಟಿ ತಿರುಗಿಸುತ್ತಿದ್ದರು ಎಂದೆ. "ನಮ್ಮ ಮನೆಯಲ್ಲಿ ಕತ್ತೆಯೂ ಇರಲಿಲ್ಲ, ನಾನೇ ಇದ್ದೆ" ಎಂದರು. ರಸ್ತೆಯ ಹಾಸುಗಲ್ಲಿನಲ್ಲಿ ಗಾಡಿಚಕ್ರ ಸವೆಸಿದ ಗಾಡಿ ಜಾಡಿನೊಳಗೆ ನನ್ನ ಬೆರಳು ಪೂರ್ತಿ ಇಳಿಯಿತು. ಆದರೆ ಆ ಕಲ್ಲುಗಳ ಮೇಲೆ ನಡೆಯುವುದು ಮಂಡಿನೋವಿನವರಿಗೆ ಶಿಕ್ಷೆಯೇ, ನೆರಳೂ ಕಡಿಮೆ. ಎರಡೂವರೆ ತಾಸಿನಲ್ಲೇ ಮುಗಿಸಿದೆವು.

ಹಿಂದಿರುಗುವಾಗ ಒಂದು ರೈಲು ರದ್ದಾಯಿತು. ಎರಡು ಗಂಟೆ ಕೈಯಲ್ಲಿಟ್ಟುಕೊಂಡಿದ್ದರಿಂದ ಬಚಾವಾದೆವು.

ರೋಮ್ ನೋಡಲು ಹಡಗು ನಿಲ್ಲುವ ಚಿವಿತಾವೆಕ್ಕಿಯಾ ಬಂದರಿನಲ್ಲಿ ಮಾತ್ರ ಹಡಗಿನವರ ಬಸ್ಸನ್ನೇ ಹಿಡಿದೆವು. ರೋಮ್ ಅಲ್ಲಿಂದ 70 ಕಿಲೋಮೀಟರಿಗೂ ದೂರ. ನನ್ನ ಧೈರ್ಯ ಅಷ್ಟು ದೂರಕ್ಕೆ ಸಾಲಲಿಲ್ಲ.