ಸಹಾಯ ಬೇಕು: ಹರಳಿನ ಹಳದಿ ಕಲೆ ತೆಗೆಯಬೇಕು, ಪ್ರದರ್ಶನಕ್ಕೆ ಅದಿರಿನ ಮಾದರಿ ಬೇಕು

ಎಲ್ಲರಿಗೂ ನಮಸ್ಕಾರ ರೀ. ಬಳ್ಳಾರಿಯಲ್ಲಿ ಹೈಸ್ಕೂಲ್ ಮಕ್ಕಳಿಗಾಗಿ ಒಂದು ದಿನದ ಕಲ್ಲು-ಖನಿಜ ಪ್ರದರ್ಶನ ಇಟ್ಟುಕೊಂಡಿದ್ದೇವೆ.

ಪ್ರದರ್ಶನಕ್ಕೆ ಬಂದ ಬೆಣಚುಕಲ್ಲಿನ ಹರಳುಗಳನ್ನು ತುಕ್ಕು ಹೋಗಲೆಂದು ಮೊದಲೇ ಆಕ್ಸಾಲಿಕ್ ಆಸಿಡ್‌ನಲ್ಲಿ ನೆನೆಸಿದ್ದಾರೆ. ತುಕ್ಕೇನೋ ಹೋಗಿದೆ, ಆದರೆ ಸಂದಿಗಳಲ್ಲಿ ನಿಂಬೆಹಣ್ಣಿನ ಬಣ್ಣದ ಪದರ ಕೂತಿದೆ. ಅದು ಕಬ್ಬಿಣದ ಆಕ್ಸಲೇಟ್. ಕಬ್ಬಿಣ ತುಂಬಿದ ದ್ರಾವಣ ಬದಲಿಸದೆ ಬಿಟ್ಟರೆ ಹೀಗಾಗುತ್ತದೆ, ಬ್ರಷ್‌ಗೆ ಜಗ್ಗುವುದಿಲ್ಲ. ಕರಗಿಸಲು ಸೋಡಿಯಂ ಸಿಟ್ರೇಟ್, ಅಡುಗೆ ಸೋಡಾ, ಸೋಡಿಯಂ ಡೈಥಯೋನೈಟ್ ಮೂರೂ ಬೇಕು. ಡೈಥಯೋನೈಟ್ ಅಂದರೆ ಬಟ್ಟೆಗೆ ಬಣ್ಣ ಹಾಕುವವರ ಹೈಡ್ರೋಸ್. ಜೀನ್ಸ್ ಕೆಲಸದ ಊರಲ್ಲಿ ಸಿಗಲೇಬೇಕು. ಅರ್ಧ ಕೆಜಿ ಬಿಡಿಯಾಗಿ ಕೊಡುವ ಅಂಗಡಿ ಗೊತ್ತಿದ್ದರೆ ತಿಳಿಸಿ. ತರುವವರು ಒಣ ಡಬ್ಬಿಯಲ್ಲೇ ತನ್ನಿ, ತೇವ ತಗುಲಿದರೆ ಕಾದು ಹೊತ್ತಿಕೊಳ್ಳುತ್ತದೆ. ಸಿಟ್ರೇಟ್ ಎಲ್ಲಿ ಸಿಗುತ್ತದೆ ಅನ್ನುವುದೂ ಬೇಕು.

ಇನ್ನು ಮಾದರಿಗಳು. ಸಂಡೂರು ಕಡೆಯ ಹೆಮಟೈಟ್ (ಕಬ್ಬಿಣದ ಅದಿರು), ಮ್ಯಾಂಗನೀಸ್ ಅದಿರು, ಕೆಂಪು-ಬೂದು ಪಟ್ಟೆಯ ಕಬ್ಬಿಣಕಲ್ಲು ಮುಷ್ಟಿ ಗಾತ್ರದವು ಎರವಲು ಬೇಕು. ವಾರ್ನಿಶ್ ಹಚ್ಚಿದ್ದು ಬೇಡ: ಮೆರುಗಿಲ್ಲದ ಟೈಲ್ ಮೇಲೆ ಮಕ್ಕಳೇ ಉಜ್ಜಿ ನೋಡಬೇಕು. ಹೆಮಟೈಟ್ ಕೆಂಗಂದು ಗೆರೆ ಬಿಡುತ್ತದೆ. ಮ್ಯಾಗ್ನೆಟೈಟ್ ಅನ್ನುವ ಇನ್ನೊಂದು ಕಬ್ಬಿಣದ ಅದಿರು ಕಪ್ಪು ಗೆರೆ ಬಿಟ್ಟು ಆಯಸ್ಕಾಂತಕ್ಕೂ ಅಂಟುತ್ತದೆ. ಮ್ಯಾಂಗನೀಸನ್ನು ದಯವಿಟ್ಟು ಆಕ್ಸಾಲಿಕ್‌ನಲ್ಲಿ ತೊಳೆಯಬೇಡಿ, ಅದಿರೇ ಕರಗುತ್ತದೆ. ಪ್ರತಿ ಕಲ್ಲಿನ ಜತೆ ಸಿಕ್ಕ ಊರು, ವರ್ಷ ಬರೆದ ಚೀಟಿ ಇರಲಿ. ಊರು ಗೊತ್ತಿಲ್ಲದ ಕಲ್ಲಿನಿಂದ ಮಕ್ಕಳಿಗೆ ಅರ್ಧ ಪಾಠವೇ ಸಿಗುವುದು. ಗಣಿ ಗುತ್ತಿಗೆ ಜಾಗ, ಅರಣ್ಯ, ಹಂಪಿಯ ಸಂರಕ್ಷಿತ ಪ್ರದೇಶದಿಂದ ಎತ್ತಿದ್ದು ಬೇಡವೇ ಬೇಡ.

ಕೊಪ್ಪಳ, ರಾಯಚೂರಿನವರೂ ಇಲ್ಲೇ ಉತ್ತರಿಸಿ.